ಎರ್ರಮ್ಮ ತೊಳೆದ ಗಾಜು

ಗಾಜಿನ ಮೇಲೆ ಕಲೆ ಕಂಡರೆ ಎರ್ರಮ್ಮನಿಗೆ ಆಗುತ್ತಿರಲಿಲ್ಲ. ಚಳ್ಳಕೆರೆ ಹೊರಗಿನ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಆಕೆ ಮೂರು ವರ್ಷದಿಂದ ಗಾಜಿನ ಪಾತ್ರೆ ತೊಳೆಯುವವಳು, ನಾನು ಗುಮಾಸ್ತ. ಇಬ್ಬರೂ ಮೊಳಕಾಲ್ಮೂರಿನವರು, ಹೋಗಿಬರುವುದು ಒಂದೇ ಬಸ್ಸಿನಲ್ಲಿ. ಮನೆಯ ಮಗ್ಗ ನಿಂತ ಮೇಲೆ ಆಕೆ ಮೊದಲು ಹೋದದ್ದು ಒಂದು ಛತ್ರದ ನೆಲ ಒರೆಸಲು. ಅಲ್ಲಿ ಮಂಡಿ ಕೆಟ್ಟವು. ಇಲ್ಲಿ ಸಿಂಕಿನ ಮುಂದೆ ಸ್ಟೂಲು ಹಾಕಿಕೊಂಡು ಕೂರಬಹುದಿತ್ತು. ಆಕೆಗೆ ಬೇಕಾಗಿದ್ದದ್ದು ಅದೊಂದೇ.

ಸಂಶೋಧಕಿ ಶ್ರುತಿ ಮೇಡಂ ಅಲ್ಲಿ ಬೆರಳಗಲದ ಪಟ್ಟಿಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಲೇಪಿಸುತ್ತಿದ್ದರು. ಪಟ್ಟಿಯನ್ನು ಹಣ್ಣಿನ ರಸಕ್ಕೆ ಅದ್ದಿದರೆ ಅದರಲ್ಲಿರುವ ವಿಟಮಿನ್ ಸಿ ಚಿನ್ನಕ್ಕೆ ತಾಗಿ ಚೂರು ವಿದ್ಯುತ್ ಹರಿಯುತ್ತದೆ, ಕಂಪ್ಯೂಟರಿನ ಗೆರೆ ಗುಡ್ಡದ ಹಾಗೆ ಏಳುತ್ತದೆ. ಆದರೆ ಆ ವಾರ ಏನೂ ಬೆರೆಸದ ಬರೀ ಉಪ್ಪುನೀರಿಗೆ ಅದ್ದಿದರೂ ಗುಡ್ಡ ಎದ್ದಿತು. ನಾಲ್ಕು ದಿನವೂ ಅದೇ ರಾಗ.

ಸಹಿ ಹಾಕಿಸಲು ನಾನು ಒಳಗೆ ಹೋದಾಗ ಮೇಡಂ ಕಣ್ಣು ಕೆಂಪಾಗಿತ್ತು. "ಲೇಪನವೇ ಸರಿಯಿಲ್ಲ, ಅಶ್ವಥ್. ಎಂಟು ತಿಂಗಳ ಪಟ್ಟಿಗಳನ್ನೆಲ್ಲ ಇವತ್ತೇ ಎಸೆದುಬಿಡ್ತೀನಿ," ಎಂದರು.

ಎರ್ರಮ್ಮ ಸ್ಟೂಲಿನಿಂದ ಎದ್ದಳು. ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯಲ್ಲಿ ಆಕೆ ಹಿಂಡಿದ ನಿಂಬೆಸಿಪ್ಪೆ ಆರಿಸಿಕೊಳ್ಳುತ್ತಿದ್ದುದು ನನಗೆ ತಟ್ಟನೆ ನೆನಪಾಯಿತು. ಬಾಯಿಬಿಡಬೇಡ ಎಂದು ಕಣ್ಸನ್ನೆ ಮಾಡಿದೆ. ಕೇಳಲಿಲ್ಲ, ಪುಣ್ಯಾತ್ಗಿತ್ತಿ.

"ಅಮ್ಮಾ, ಬೋರಿನ ನೀರಿಗೆ ಗಾಜಿನ ಮ್ಯಾಲೆ ಬಿಳಿ ಕಲೆ ಕೂರ್ತೈತೆ, ಸೋಪಿಗೆ ಹೋಗಲ್ಲ. ಮನೇಲಿ ಹಿತ್ತಾಳೆ ಬಿಂದಿಗೆ ಉಜ್ಜೋ ಹಂಗೆ ಸೋಮವಾರದಿಂದ ನಿಂಬೆಸಿಪ್ಪೆ ಹಾಕಿ ಉಜ್ಜಿದೀನಿ. ನಿಮ್ ಬಟ್ಟಿ ನೀರು ಸುಮ್ನೆ ಖರ್ಚಾಗ್ತೈತೆ ಅಂತ ಒಂದೇ ಸಲ ಜಾಲಿಸ್ದೆ."

ಮೇಡಂ ಉಪ್ಪುನೀರಿದ್ದ ಅದೇ ಗಾಜಿನ ಲೋಟವನ್ನು ಬಟ್ಟಿ ಇಳಿಸಿದ ನೀರಲ್ಲಿ ನಾಲ್ಕು ಸಲ ತೊಳೆದು, ಹೊಸ ಉಪ್ಪುನೀರು ಹಾಕಿ, ಪಟ್ಟಿ ಅದ್ದಿದರು. ಗೆರೆ ಅಲುಗದೆ ಮಲಗಿತು. "ಪಟ್ಟಿ ಸರಿಯಾಗೇ ಇದೆ, ಆ ಚೂರು ನಿಂಬೆಯನ್ನೂ ಹಿಡಿದುಬಿಟ್ಟಿದೆ!" ಎಂದು ಕೂಗಿ ಎರ್ರಮ್ಮನನ್ನು ತಬ್ಬಿಕೊಂಡರು. ಆಮೇಲೆ ಸುದ್ದಿ ಹೇಳಲು ಫೋನ್ ಹಿಡಿದು ಹೊರಗೆ ಹೋದರು.

ವಿಷಯ ತಿಳಿದ ಮ್ಯಾನೇಜರ್ ತಬ್ಬಿಕೊಳ್ಳಲಿಲ್ಲ. ನಾಲ್ಕು ದಿನದ ಕೆಲಸ ಹಾಳಾಯಿತು, ನಾಳೆಯಿಂದ ಎರ್ರಮ್ಮ ಗಾಜು ಮುಟ್ಟುವಂತಿಲ್ಲ, ಎರಡು ಮಹಡಿ ನೆಲ ಒರೆಸಬೇಕು ಎಂದರು. ಆಕೆಯ ಮಂಡಿಯ ವಿಷಯ ನನಗೆ ಗೊತ್ತಿತ್ತು. ಹೇಳಲಿಲ್ಲ. ಆದೇಶ ಟೈಪ್ ಮಾಡಿದವನೂ ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ತಪ್ಪಿಲ್ಲದೆ ಟೈಪ್ ಮಾಡಿದೆ.

ಸಂಜೆ ಬಸ್ಸು ತುಂಬಿತ್ತು. ನನ್ನ ಸೀಟು ಬಿಟ್ಟುಕೊಟ್ಟೆ. ಆಕೆ ಮಂಡಿ ಒತ್ತಿಕೊಳ್ಳುತ್ತಾ ಕೂತಳು. ಆಮೇಲೆ ಕೇಳಿದಳು:

"ಗಾಜು ಯಾರು ತೊಳೀತಾರಪ್ಪಾ ಇನ್ಮ್ಯಾಲೆ?"

"ಇಷ್ಟು ದಿನ ನೆಲ ಒರೆಸ್ತಿದ್ದ ವನಜಾಕ್ಷಿ."

"ಆ ಸ್ಟೂಲಿನ ಒಂದು ಕಾಲು ಗಿಡ್ಡ ಐತೆ. ಕೆಳಗೆ ರಟ್ಟು ಮಡಚಿ ಇಟ್ಟಿದೀನಿ. ಕಸ ಅಂತ ತೆಗೆದುಬಿಟ್ಟಾಳು, ಹೇಳು ಅವಳಿಗೆ."