ಯಾರು ಬೇಕಾದರೂ ಪ್ರಕಟಿಸಬಹುದು

ಇವತ್ತು ಬೆಳಿಗ್ಗೆ ಹಲ್ಲುಜ್ಜಿ ಬರುವಷ್ಟರಲ್ಲಿ ಫೋನಿಗೆ ಒಂದು ಸಂದೇಶ ಬಂದು ಕೂತಿತ್ತು. ಕಳಿಸಿದವರು ನನ್ನ ಹೆಂಡತಿಯ ಅಕ್ಕ, ಆನಂದಪುರದಲ್ಲಿರುವವರು. ಮೇಲೆ ಎರಡು ಗುಲಾಬಿ, ಒಂದು ಶುಭೋದಯ, ಅದರ ಕೆಳಗೆ 'ಮಲೆನಾಡಿನ ಮರೆತ ರುಚಿ, ತಪ್ಪದೆ ಓದಿ, ಹತ್ತು ಜನರಿಗೆ ಕಳಿಸಿ' ಎಂಬ ಅಪ್ಪಣೆ, ಆಮೇಲೆ ಉದ್ದನೆಯ ಬರಹ. ಮೊದಲ ಸಾಲು ಓದಿದ್ದೇ ಎದೆ ಧಸಕ್ಕೆಂದಿತು. 'ಜಾಡಿಯ ಮುಚ್ಚಳ ತೆಗೆದರೆ ಪಕ್ಕದ ಮನೆಯವರಿಗೂ ಹಸಿವಾಗಬೇಕು, ಅದು ಜೀರಿಗೆ ಮಿಡಿ.' ಹತ್ತು ವರ್ಷದ ಹಿಂದೆ ಈ ಸಾಲನ್ನು ಬರೆದವನು ನಾನು.

ತಾನು ಬರೆದದ್ದು ಊರೆಲ್ಲ ಸುತ್ತಿ ಮನೆಗೇ ಬಂದರೆ ಹಿಗ್ಗುವುದು ಬಿಟ್ಟು ಈ ಮನುಷ್ಯ ಯಾಕೆ ಹೆದರುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಹೇಳುತ್ತೇನೆ. ಆದರೆ ಮೊದಲು ನನ್ನ ಕಸುಬಿನ ವಿಷಯ ಸ್ವಲ್ಪ ಕೇಳಬೇಕು, ಯಾಕೆಂದರೆ ತಪ್ಪು ಅಲ್ಲಿಂದಲೇ ಶುರುವಾದದ್ದು.

ಸಾಗರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಜೆರಾಕ್ಸೂ ಉಂಟು, ಆದರೆ ಹೆಸರು ಬಂದದ್ದು ಮದುವೆ ಕಾಗದದಿಂದ. ನಮ್ಮ ಕಡೆ ಮದುವೆ ಕಾಗದದಲ್ಲಿ ಜನ ನೋಡುವುದು ಮುಹೂರ್ತವನ್ನಲ್ಲ, ಕೊನೆಗೆ ಸಣ್ಣಕ್ಷರದಲ್ಲಿ ಇರುವ ದಾರಿಯನ್ನು. ಮನೆಗಳು ಗುಡ್ಡಕ್ಕೊಂದು ಹಳ್ಳಕ್ಕೊಂದು. ಊರಿನ ಹೆಸರು ಗೊತ್ತಿದ್ದರೂ ಮನೆ ಸಿಗುವುದಿಲ್ಲ. 'ಬಸ್ಸಿಳಿದು ಎಡಕ್ಕೆ, ಅಶ್ವತ್ಥಕಟ್ಟೆ ದಾಟಿ, ಬೇಲಿಯ ಎರಡನೇ ಉಣುಗೋಲಿನಿಂದ ಒಳಗೆ, ನಾಯಿ ಇದೆ' ಎಂದು ಬರೆಯುವುದು ಒಂದು ವಿದ್ಯೆ, ಮತ್ತು ಆ ವಿದ್ಯೆಯಲ್ಲಿ ಸುತ್ತಮುತ್ತಲಿನ ಮೂರು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ನಂಬಿದ್ದೆ. ನಾನು ಬರೆದ ದಾರಿ ಹಿಡಿದು ತಪ್ಪಿಸಿಕೊಂಡ ನೆಂಟನಿಲ್ಲ. ಒಬ್ಬ ಕುರುಡು ಭಟ್ಟರು ಮೊಮ್ಮಗನ ಕೈಲಿ ನನ್ನ ಕಾಗದ ಓದಿಸಿಕೊಂಡು ಸರಿಯಾಗಿ ಊಟದ ಪಂಕ್ತಿಗೇ ಬಂದು ಮುಟ್ಟಿದ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಹೆಂಡತಿ ಅದು ಶುರುವಾದ ಕೂಡಲೆ ಒಳಗೆ ಹೋಗುತ್ತಾಳೆ.

ಸರೋಜಕ್ಕ ನನ್ನ ದೊಡ್ಡಪ್ಪನ ಮಗಳು. ಹೊಸನಗರದ ಕಡೆ ಕೊಟ್ಟಿದ್ದು. ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದಳು, ಅವಳ ಕೈಗುಣ ಗೊತ್ತಿದ್ದವರು ಹುಡುಕಿಕೊಂಡು ಬರುತ್ತಿದ್ದರು. ಇನ್ನೂ ನಾಲ್ಕು ಕಡೆ ಹೋಗಲಿ ಎಂದು ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಒಬ್ಬ ಮೇಷ್ಟ್ರ ಹತ್ತಿರ ವೆಬ್‌ಸೈಟ್ ಮಾಡಿಸಿದಳು. ಅಂದದ ವೆಬ್‌ಸೈಟು. ಆರು ತಿಂಗಳಾದರೂ ಅದನ್ನು ನೋಡಿದವರು ಸರೋಜಕ್ಕ, ಮೇಷ್ಟ್ರು ಮತ್ತು ನಾನು.

ಮೇಷ್ಟ್ರು ಒಂದು ಉಪಾಯ ಹೇಳಿದರು. "ಜಾಹೀರಾತು ಅಂದ್ರೆ ಜನ ಮುಖ ತಿರುಗಿಸ್ತಾರೆ. ನೀವು ಒಳ್ಳೇ ಲೇಖನ ಬರ್ದು ಪುಕ್ಕಟೆ ಬಿಟ್ಬಿಡಿ. ಯಾರು ಬೇಕಾದ್ರೂ ಅವ್ರ ವೆಬ್‌ಸೈಟಲ್ಲಿ ಹಾಕ್ಕೊಳ್ಳಲಿ. ಷರತ್ತು ಒಂದೇ, ಕೊನೇ ಮೂರು ಸಾಲು ತೆಗೀಬಾರ್ದು. ಅದ್ರಲ್ಲಿ ನಿಮ್ಮ ಹೆಸರು, ನಮ್ಮ ವಿಳಾಸ. ಊಟ ಬಡಿಸಿ, ಎಲೆ ತೆಗೆಯೋ ಹೊತ್ತಿಗೆ ಅಂಗಡಿ ಹೆಸರು ಹೇಳ್ದಂಗೆ." ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಓದೋರಿಗೆ ಮಾಹಿತಿ ಸಿಗ್ಬೇಕು. ಬರೀ ಹೊಗಳಿಕೆ ಇದ್ರೆ ಯಾರೂ ಹಾಕ್ಕೊಳಲ್ಲ."

ಬರೆಯುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. 'ಬಂಧುಮಿತ್ರರೊಡನೆ ಆಗಮಿಸಿ' ಎಂಬ ಒಂದೇ ವಾಕ್ಯವನ್ನು ಇಪ್ಪತ್ತು ವರ್ಷ ಕೂಡಿಸಿದವನಿಗೆ ಸ್ವಂತ ವಾಕ್ಯ ಬರೆಯಿರಿ ಎಂದರೆ ಹೇಗಾಗಬೇಡ? ಒಂದೇ ತಿಂಗಳಲ್ಲಿ ಐದು ಲೇಖನ ಬರೆದೆ. ಮಿಡಿ ಆರಿಸುವುದು, ತೊಟ್ಟಿನ ಸೊನೆಯ ಘಮ, ಉಪ್ಪಿನಲ್ಲಿ ಮಿಡಿ ಚಿರುಟುವುದು, ಹೀಗೆ. ಆರನೆಯದಕ್ಕೆ ವಿಷಯ ಸಾಲದೆ ಬಂತು. ಸರೋಜಕ್ಕ, "ಚೌಡಪ್ಪ ನಾಳೆ ಮಿಡಿ ಕೊಯ್ಯಲೆ ಹೋಗ್ತ, ನೀನೂ ಹೋಗಿ ನೋಡು" ಎಂದಳು.

ಚೌಡಪ್ಪ ಅವಳಿಗೆ ಮಿಡಿ ತಂದುಕೊಡುವವನು. ನನ್ನ ವಯಸ್ಸಿನವನೇ, ಓದು ಬರಹ ಬಾರದು. ಅವನ ಅಪ್ಪ ಹತ್ತುತ್ತಿದ್ದ ಮರವನ್ನೇ ಅವನೂ ಹತ್ತುತ್ತಿದ್ದ. ಹೊಳೆ ದಂಡೆಯ ಒಂದು ಕಾಡು ಮಾವು, ಇಬ್ಬರು ತಬ್ಬಿದರೂ ಸಾಲದ ಬುಡ. ಎಲೆ ಹಿಚುಕಿದರೆ ಜೀರಿಗೆ ಹುರಿದ ವಾಸನೆ. ಜಾಗ ಯಾರದ್ದೂ ಅಲ್ಲ, ಮರವೂ ಯಾರದ್ದೂ ಅಲ್ಲ. ಆದರೆ ಊರಿನವರು ಯಾರೂ ಅದಕ್ಕೆ ಕೈಹಾಕುತ್ತಿರಲಿಲ್ಲ, ಹೊರಗಿನವರಿಗೆ ಗೊತ್ತಿರಲಿಲ್ಲ. ಒಳ್ಳೆಯ ಮಿಡಿಯ ಮರ ಎಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ 'ಅದಾ, ಆಚೆ ದಡದಲ್ಲಿ' ಎನ್ನುತ್ತಾರೆ. ನೀವು ಯಾವ ದಡದಲ್ಲಿ ನಿಂತು ಕೇಳಿದರೂ ಅದೇ ಉತ್ತರ. ನಾನು ಇದನ್ನು ಹಳ್ಳಿಯವರ ಜಿಪುಣತನ ಎಂದುಕೊಂಡಿದ್ದೆ.

ಚೌಡಪ್ಪ ಮೊದಲ ಬೊಗಸೆ ಮಿಡಿಯನ್ನು ಬುಡದ ಕಲ್ಲಿನ ಮುಂದಿಟ್ಟು, ಚೌಡಿಗೆ ಕೈಮುಗಿದು ಮತ್ತೆ ಹತ್ತಿದ. ತೊಟ್ಟು ಮುರಿದ ಒಂದು ಮಿಡಿ ಸೇರಿದರೂ ಇಡೀ ಜಾಡಿ ಕೆಡುತ್ತದೆಂದು ಒಂದೊಂದನ್ನೇ ಕೈಯಲ್ಲಿ ಬಿಡಿಸಿ, ಬುಟ್ಟಿ ತುಂಬಿದ ಮೇಲೆ ಹಗ್ಗ ಕಟ್ಟಿ ಇಳಿಸುತ್ತಿದ್ದ. ಒಂದು ಮರಕ್ಕೆ ಎರಡು ದಿನ. ತುದಿಯ ಕೊಂಬೆಗಳನ್ನು ಹಾಗೇ ಬಿಟ್ಟ. "ಅದು ಮಂಗಂದು" ಎಂದ. ನಾನು ಕೆಳಗೆ ಕೂತು ಎಲ್ಲವನ್ನೂ ಬರೆದುಕೊಂಡೆ, ಯಾತಕ್ಕೆಂದು ಅವನಿಗೆ ಹೇಳಲಿಲ್ಲ. ವಾಪಸು ಬರುವಾಗ, ಕಸುಬಿನ ಚಟ ನೋಡಿ, ಹೆಜ್ಜೆಗಳನ್ನೂ ಎಣಿಸಿದೆ.

ಬರೆದು ಮುಗಿಸಿ ಸರೋಜಕ್ಕನಿಗೆ ಓದಿ ಹೇಳಿದೆ. ಅವಳು ಮೊಣಕೈವರೆಗೆ ಉಪ್ಪು ಮಾಡಿಕೊಂಡು ಮಿಡಿ ಹೊರಳಿಸುತ್ತಿದ್ದಳು. ಬಸ್ಸು ಎಲ್ಲಿ ಇಳಿಯಬೇಕು, ಹಳೇ ದೋಣಿ ಕಟ್ಟೆಯಿಂದ ಎಷ್ಟು ಹೆಜ್ಜೆ, ಯಾವ ಬಂಡೆಯ ಹತ್ತಿರ ತಿರುಗಬೇಕು ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು.

"ಅಷ್ಟೆಲ್ಲ ಎಂತಕ್ಕೆ ತಮಾ?"

"ಮಾಹಿತಿ ಇರವು ಅಕ್ಕ."

"ಹಂಗಾ. ನೀನು ಓದ್ದವ, ನಿಂಗೆ ಗೊತ್ತಿರ್ತು" ಎಂದು ಅವಳು ಮತ್ತೆ ಮಿಡಿ ಹೊರಳಿಸಿದಳು. ಆ ಮಾತಿನ ಮೇಲೆ ನಾನು ಬಹಳ ದಿನ ಉಬ್ಬಿಕೊಂಡಿದ್ದೆ.

ಲೇಖನ ಹೋಯಿತು. ಹೋಯಿತು ಎಂದರೆ ಎಲ್ಲೆಲ್ಲಿಗೋ ಹೋಯಿತು. ಮೊದಲ ಐದನ್ನು ಯಾರೂ ಮೂಸಿ ನೋಡಲಿಲ್ಲ. ಆರನೆಯದು ಮಾತ್ರ ಪ್ರವಾಸದವರ ವೆಬ್‌ಸೈಟಿನಲ್ಲಿ, ಅಡುಗೆಯವರ ವೆಬ್‌ಸೈಟಿನಲ್ಲಿ, ಯಾರದೋ ಜ್ಯೋತಿಷ್ಯದ ವೆಬ್‌ಸೈಟಿನಲ್ಲೂ ಬಂತು. ಅಂಗಡಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿ ತೋರಿಸುತ್ತಿದ್ದೆ. ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ಎಲ್ಲರೂ ಕೊನೆಯ ಮೂರು ಸಾಲನ್ನು ಕತ್ತರಿಸಿ ಹಾಕಿದ್ದರು. ಸರೋಜಕ್ಕನ ವಿಳಾಸ ಎಲ್ಲೂ ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ. ಮರದ ವಿಳಾಸ ಎಲ್ಲ ಕಡೆಯೂ ಒಂದಕ್ಷರ ತಪ್ಪದೆ ಇತ್ತು.

ಆರು ಲೇಖನದಿಂದ ಸರೋಜಕ್ಕನ ವೆಬ್‌ಸೈಟಿಗೆ ಹೇಗೋ ಹುಡುಕಿಕೊಂಡು ಬಂದ ಪತ್ರ ಒಂದೇ ಒಂದು. ಉಪ್ಪಿನಕಾಯಿ ಬೇಕೆಂದಲ್ಲ. ಹೊಳೆಯ ಎಡದಂಡೆ ಎಂದರೆ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿದಾಗ ಎಡವೋ, ಅಥವಾ ರಸ್ತೆಯಿಂದ ಬರುವಾಗ ಎಡವೋ ಎಂದು ಒಬ್ಬರು ಕೇಳಿದ್ದರು. ಎಷ್ಟು ಸೂಕ್ಷ್ಮವಾಗಿ ಓದಿದ್ದಾರೆ ಎಂದು ನನಗೆ ಸಂತೋಷವಾಯಿತು. ಅದೇ ದಿನ ಕೂತು ವಿವರವಾಗಿ ಉತ್ತರ ಬರೆದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ನಿಮಗೇ ಮೊದಲು.

ಲೇಖನ ಬಂದ ಮೂರನೇ ವರ್ಷ, ಮಿಡಿಯ ಕಾಲದಲ್ಲಿ, ಸರೋಜಕ್ಕನ ಫೋನ್ ಬಂತು.

"ತಮಾ, ಮರ ಇಲ್ಲೆ."

ಮರ ಇಲ್ಲ ಎಂದರೆ ಏನೆಂದು ನನಗೆ ಅರ್ಥವಾಗಲಿಲ್ಲ. ಮಿಡಿ ಕಮ್ಮಿ ಬಂದಿದೆ ಎನ್ನುತ್ತಿದ್ದಾಳೇನೋ ಎಂದುಕೊಂಡು ಹೋದೆ. ಹೊಳೆಗೆ ಇನ್ನೂ ದೂರ ಇರುವಾಗಲೇ ಸೊನೆಯ ವಾಸನೆ ಮೂಗಿಗೆ ಹೊಡೆಯಿತು. ಜಾಡಿಯಲ್ಲಿ ಬಾಯಿ ನೀರೂರಿಸುವ ಅದೇ ವಾಸನೆ, ಇಲ್ಲಿ ಮೂಗು ಮುಚ್ಚಿಕೊಳ್ಳುವಷ್ಟು. ಇಡೀ ಮರ ನೆಲಕ್ಕೆ ಬಿದ್ದಿತ್ತು. ಬುಡದಲ್ಲಿ ಯಂತ್ರದ ಗರಗಸ ಆಡಿದ ನುಣುಪು, ಅದರ ಮೇಲೆ ಇನ್ನೂ ಜಿನುಗುತ್ತಿದ್ದ ಹಾಲು. ಎಲೆ ಬಾಡಿರಲಿಲ್ಲ. ಊರಿನವರೆಲ್ಲ ಒಂದು ಮದುವೆಗೆ ಹೋಗಿದ್ದ ಮಧ್ಯಾಹ್ನ ಯಾರೋ ಗಾಡಿ ತಂದಿದ್ದರು. ಹತ್ತಿ ಕೊಯ್ಯಲು ಎರಡು ದಿನ ಬೇಕು. ಕಡಿದು ಬೀಳಿಸಿದರೆ ಕೂತಲ್ಲೇ ಬಿಡಿಸಬಹುದು. ಮಂಗನ ಪಾಲನ್ನೂ ಬಿಟ್ಟಿರಲಿಲ್ಲ. ಒಂದು ವರ್ಷದ ಮಿಡಿಗೆ ಅಷ್ಟು ವರ್ಷದ ಮರವನ್ನು ಮನುಷ್ಯರು ಕಡಿಯಬಹುದು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಚೌಡಪ್ಪ ಬುಡದ ಕಲ್ಲಿನ ಹತ್ತಿರ ಕೂತಿದ್ದ. ನನ್ನನ್ನು ನೋಡಿ, "ಬಂದ್ರಾ ಪ್ರೆಸ್ಸಿನೋರೆ" ಎಂದು ಅಂಗಿಯ ಜೇಬಿನಿಂದ ಮಡಿಸಿದ ಹಾಳೆಗಳನ್ನು ತೆಗೆದ. "ಇಲ್ಲೇ ನೀರಂಚಿಗೆ ಬಿದ್ದಿತ್ತು. ಬಂದೋರು ಬಿಟ್ಟು ಹೋಗಿದ್ದು. ಏನು ಬರ್ದೈತೆ, ಒಂದ್ಸಲ ಓದಿ."

ಒದ್ದೆಯಾಗಿ ಒಣಗಿದ ಎರಡು ಹಾಳೆ. ಬಿಡಿಸಿದೆ. 'ಜಾಡಿಯ ಮುಚ್ಚಳ ತೆಗೆದರೆ...'

ಓದಿದೆ. ಮತ್ತೇನು ಮಾಡಲಿ? ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬಸ್ಸು ಇಳಿಯುವುದು, ದೋಣಿ ಕಟ್ಟೆ, ಹೆಜ್ಜೆಯ ಲೆಕ್ಕ, ಬಂಡೆ, ಎಲ್ಲ ಓದಿದೆ. ಹೆಣದ ಮುಂದೆ ಕೂತು ಅದರ ಜಾತಕ ಓದಿದ ಹಾಗಾಯಿತು. ಕೊನೆಗೆ ಚೌಡಪ್ಪ ಕೇಳಿದ.

"ನಮ್ಮ ಕಡೆಯೋರೇ ಯಾರೋ ಬರ್ದಿದ್ದು. ಹೆಸ್ರು ಐತಾ?"

"ಇಲ್ಲ" ಎಂದೆ.

ಹಾಳೆಯ ಮೇಲೆ ಹೆಸರು ನಿಜವಾಗಿಯೂ ಇರಲಿಲ್ಲ. ನಿಜವನ್ನೇ ಹೇಳಿ ಸುಳ್ಳಾಡಬಹುದು ಎಂದು ನನಗೆ ಗೊತ್ತಾದದ್ದು ಆವತ್ತು. ಹಾಳೆಗಳನ್ನು ಮಡಿಸಿ ಅವನಿಗೆ ಕೊಟ್ಟೆ, ಅವನು ಮತ್ತೆ ಜೇಬಿಗಿಟ್ಟುಕೊಂಡ.

ಮೇಷ್ಟ್ರ ಹತ್ತಿರ ಓಡಿದೆ, ಹೇಗಾದರೂ ಅದನ್ನು ಎಲ್ಲ ಕಡೆಯಿಂದ ತೆಗೆಸಿ ಎಂದೆ. "ಯಾರು ಬೇಕಾದರೂ ಪ್ರಕಟಿಸಬಹುದು ಅಂತ ಮೇಲೆ ನೀವೇ ಹಾಕಿದೀರಲ್ಲ ಸಾರ್" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇದು ಹೋಗಲೂ ಇಲ್ಲ. ಸರೋಜಕ್ಕ ಜೀರಿಗೆ ಮಿಡಿ ಹಾಕುವುದನ್ನು ನಿಲ್ಲಿಸಿದಳು. ನನಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಚೌಡಪ್ಪ ಮಾತ್ರ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಆಧಾರ್ ಜೆರಾಕ್ಸಿಗೆ, ಪಹಣಿಗೆ, ಅರ್ಜಿ ಬರೆಸಲಿಕ್ಕೆ. ಮಿಡಿಯ ಕಾಲದಲ್ಲಿ ಕೆಲಸವಿಲ್ಲದಿದ್ದರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ನಾನು ಚಹಾ ತರಿಸುತ್ತಿದ್ದೆ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಚಹಾ ಮುಗಿಯುತ್ತಿತ್ತು. ಮೂರು ವರ್ಷದ ಹಿಂದೆ ಮಗಳ ಮದುವೆ ಕಾಗದ ಮಾಡಿಸಲು ಬಂದ. "ದಾರಿ ನೀವೇ ಬರೀರಿ. ನೀವು ಬರ್ದ್ರೆ ಜನ ತಪ್ಪದೆ ಬಂದು ಮುಟ್ತಾರೆ" ಎಂದ. ಹೊಗಳಿಕೆ ಎಂದೇ ತಿಳಿದು ನಾನು ನಕ್ಕೆ.

ಇವತ್ತು ಬೆಳಗಿನ ಸಂದೇಶದ ಕೆಳಗೆ ಹೆಂಡತಿಯ ಅಕ್ಕ ಒಂದು ಪ್ರಶ್ನೆಯನ್ನೂ ಹಾಕಿದ್ದರು. 'ಈ ಮರ ಈಗಲೂ ಇದ್ದಾ? ಭಾನುವಾರ ಎಂಗೊ ಎಲ್ಲ ಹೋಪನ ಹೇಳಿ ಇದ್ದು.' ಮನೆಮಂದಿಯೆಲ್ಲ ಭಾನುವಾರ ಮರ ನೋಡಲು ಹೊರಟಿದ್ದಾರೆ. ಇಲ್ಲ ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಇವರಿಗೆ ಹೇಳುವ ಮೊದಲು ಹೇಳಬೇಕಾದವನು ಇನ್ನೊಬ್ಬನಿದ್ದಾನೆ. ಅಂಗಡಿಯ ಬಾಗಿಲು ತೆಗೆಯದೆ ಹೊಸನಗರದ ಬಸ್ಸು ಹತ್ತಿದೆ.

ಚೌಡಪ್ಪ ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ. ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಮರೆತುಹೋಯಿತು.

"ಚೌಡಪ್ಪ, ಅವತ್ತು ಓದಿದ್ನಲ್ಲ, ಆ ಹಾಳೆ, ಅದನ್ನ ಬರ್ದಿದ್ದು ನಾನು."

ಅವನ ಕತ್ತಿ ನಿಲ್ಲಲಿಲ್ಲ. "ಗೊತ್ತೈತೆ" ಎಂದ.

"ಯಾರು ಹೇಳಿದ್ರು? ಸರೋಜಕ್ಕನಾ?"

"ಅಮ್ಮ ಏನೂ ಹೇಳಿಲ್ಲ. ನೀವೇ ಹೇಳಿದ್ರಲ್ಲ. ಎರಡನೇ ಹಾಳೆ ನೀರಿಗೆ ಬಿದ್ದು ಅರ್ಧಕ್ಕರ್ಧ ಅಳಿಸಿ ಹೋಗಿತ್ತು. ನಂಗೆ ಅಕ್ಷರ ಬರಲ್ಲ, ಆದ್ರೆ ಅಕ್ಷರ ಇಲ್ಲದ ಜಾಗ ಕಾಣ್ತದೆ. ನೀವು ಅಲ್ಲೂ ನಿಲ್ಲಿಸ್ದೆ ಓದಿದ್ರಿ."

ಹೊಳೆ ದಂಡೆಯಲ್ಲಿ ಮರ ಬಿದ್ದದ್ದನ್ನು ನೋಡಿದಾಗಲೂ ನನಗೆ ಇಷ್ಟು ಆಘಾತವಾಗಿರಲಿಲ್ಲ. ಏಳು ವರ್ಷ. ಅಷ್ಟು ಚಹಾ. ಮಗಳ ಮದುವೆ ಕಾಗದ. ಎಲ್ಲ ಗೊತ್ತಿದ್ದೂ ಬಂದು ಎದುರಿನ ಬೆಂಚಿನಲ್ಲಿ ಕೂತಿದ್ದ ಈ ಮನುಷ್ಯ.

"ಮತ್ತೆ ಯಾಕೆ ಕೇಳ್ಲಿಲ್ಲ ಚೌಡಪ್ಪ?"

ಅವನು ಸೀಳಿದ ಬಿದಿರನ್ನು ಕೆಳಗಿಟ್ಟು ಮೊದಲ ಸಲ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿದ್ದು.

"ಲೋಕಕ್ಕೆಲ್ಲ ಪುಕ್ಕಟೆ ಹೇಳಿದೋರು ನೀವು. ನಂಗೂ ಒಂದಿನ ಹೇಳ್ತೀರಿ ಅಂತ ಬಂದು ಕೂರ್ತಿದ್ದೆ" ಎಂದ.