ಹಿಂದೂರಾವ್ ಬಿಚ್ಚದ ಸೀರೆ ಗಾರ್ಡ್

ಕೊಲ್ಹಾಪುರದ ಮೆಕ್ಯಾನಿಕ್ ಹಿಂದೂರಾವ್ ಚೌಗುಲೆಗೆ ಸೀರೆ ಗಾರ್ಡ್ ಬಿಚ್ಚಿಕೊಡಿ ಎಂದವರಿಗೆ ಬೈಗುಳ ತಪ್ಪಿದ್ದಲ್ಲ. ಮೊನ್ನೆ ಅವನ ಓಣಿಯ ಹುಡುಗ ಅಭಿಜಿತ್ ಹೊಸ ನೂರೈವತ್ತು ಸಿಸಿ ಸ್ಪೋರ್ಟ್ಸ್ ಬೈಕ್ ತಂದು, ಹಿಂದಿನ ಚಕ್ರದ ಪಕ್ಕದ ಆ ಕಬ್ಬಿಣದ ಜಾಲರಿ ತೋರಿಸಿದ.

"ಇದನ್ನ ಬಿಚ್ಚಿ ಒಗೀರಿ ಮಾಮಾ. ಇದಿದ್ರ ರೇಸ್ ಗಾಡಿ ಅನಸೂದಿಲ್ಲ."

ಹಿಂದೂರಾವ್ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದ.

"ಡಿಜಿಟಲ್ ಮೀಟರ್ ಐತಿ, ಎಬಿಎಸ್ ಐತಿ, ಹಿಂದಿನ ಸೀಟು ಮಾಳಿಗಿ ಎತ್ತರಕ್ಕ ಐತಿ. ನಿಮ್ಮವ್ವ ಅದರ ಮ್ಯಾಲೇ ಒಂದ ಕಡೆ ಕಾಲು ಬಿಟ್ಟು ಕುಂಡ್ರತಾಳ. ಆಕಿ ಸೆರಗು ಚಕ್ರದಾಗ ಸಿಕ್ರ ನಿನ್ನ ಎಬಿಎಸ್ ಬಿಡಸತೈತೇನಲೇ?"

"ಬ್ಯಾರೆ ಗ್ಯಾರೇಜಿನಾಗ ಎರಡ ನಿಮಿಷದಾಗ ಬಿಚ್ಚತಾರ್ರಿ."

"ನನ್ನ ಗಾಡೀದು ನಾನೂ ಎರಡ ನಿಮಿಷದಾಗ ಬಿಚ್ಚಿದ್ದೆ. ಒಳಗ ಹೋಗಿ ನೋಡು. ನಿಮ್ಮ ಮಾಮಿ ಎಂಟ ವರ್ಷದಿಂದ ಹಾಸಿಗಿ ಬಿಟ್ಟು ಎದ್ದಿಲ್ಲ."