ರುಬ್ಬಿದವರ ಕೈಯ ಕೆಂಪು

ದುರ್ಗಿಗುಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವಯಸ್ಸಾದ ಮುಸ್ಲಿಂ ಹೆಂಗಸನ್ನು ಕೇರಿಯ ಮಕ್ಕಳೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಹಬ್ಬ ಯಾರದ್ದೇ ಆಗಲಿ, ಗೋರಂಟಿ ಸೊಪ್ಪು ಅವರ ಒರಳಿನಲ್ಲೇ ನುಣ್ಣಗಾಗಬೇಕಿತ್ತು. ಹುಡುಗಿಯರ ಅಂಗೈಗೆ ಕಡ್ಡಿಯಿಂದ ಚುಕ್ಕಿ ಇಡುತ್ತ, ಅವರ ಕೆನ್ನೆಗೆ ಬಿದ್ದ ಕೂದಲನ್ನು ತಮ್ಮ ಮಣಿಕಟ್ಟಿನಿಂದ ಸರಿಸುತ್ತ, "ನಗಬೇಡ್ರೇ, ಚುಕ್ಕಿ ಓಡಿಹೋಗ್ತವೆ" ಎನ್ನುತ್ತಿದ್ದರು.

ನನ್ನ ಅಕ್ಕ ಎಳೆಯ ವಯಸ್ಸಿನಲ್ಲೇ ವಿಧವೆಯಾಗಿದ್ದಳು. ಗೋರಂಟಿಯ ದಿನ ಅವಳು ಕೈಗಳನ್ನು ಸೆರಗಿನೊಳಗಿಟ್ಟುಕೊಂಡು ಕಿಟಕಿಯ ಬಳಿ ನಿಂತಿರುತ್ತಿದ್ದಳು. ವಿಧವೆಗೆ ಬಣ್ಣ ನಿಷಿದ್ಧವೆನ್ನುವುದು ಅನ್ಯಾಯವೆಂದು ನಾನು ಕಾಲೇಜಿನ ಚರ್ಚಾಕೂಟದಲ್ಲೂ ಅಜ್ಜಿಯ ಎದುರಿನಲ್ಲೂ ವಾದಿಸಿದ್ದೆ. ಸಭೆ ಒಪ್ಪಿತ್ತು; ಅಜ್ಜಿ ಒಪ್ಪಿರಲಿಲ್ಲ.

ಒಮ್ಮೆ ಗೌರಿಹಬ್ಬದ ಹಿಂದಿನ ದಿನ ಖಾಲಾ ಗೋಡೆಯಾಚೆಯಿಂದ ಅಕ್ಕನನ್ನು ಕೂಗಿದರು: "ಬಾ ಮಗಳೇ, ನನ್ನ ತೋಳು ನೋಯ್ತದೆ, ಸ್ವಲ್ಪ ರುಬ್ಬಿಕೊಡು."

ಅಕ್ಕ ಮಧ್ಯಾಹ್ನವೆಲ್ಲ ರುಬ್ಬಿ, ಬರಿಗೈಯಿಂದಲೇ ಬಳಿದು, ಉಂಡೆ ಕಟ್ಟಿಕೊಟ್ಟು ಬಂದಳು. ಸಂಜೆ ಅಜ್ಜಿ ಗದರಿದರು: "ಇದೇನೇ, ಅಂಗೈಯೆಲ್ಲ ಕೆಂಪು?"

ಗೋಡೆಯಾಚೆಯಿಂದಲೇ ಖಾಲಾ ಉತ್ತರಿಸಿದರು: "ರುಬ್ಬಿದ ಕೈ ಕೆಂಪಾಗ್ದೆ ಹಸಿರಾಗ್ತದಾ ಅಜ್ಜಿ? ಮುದುಕಿಗೆ ಕೆಲ್ಸ ಮಾಡಿಕೊಟ್ಟಿದ್ದೂ ತಪ್ಪಾ?"

ಅಜ್ಜಿ ಒಳಗೆ ಹೋದರು. ಅಂದಿನಿಂದ ಪ್ರತಿ ಹಬ್ಬಕ್ಕೂ ಖಾಲಾ ಅವರಿಗೆ ತೋಳು ನೋವು ತಪ್ಪದೆ ಬರುತ್ತಿತ್ತು.

ಅಪ್ಪನ ಕೆಲಸದಿಂದಾಗಿ ನಾವು ಭದ್ರಾವತಿಯ ನ್ಯೂ ಟೌನಿಗೆ ಬಂದೆವು. ಅಲ್ಲಿ ಅಕ್ಕನನ್ನು ರುಬ್ಬಲು ಕರೆಯುವವರು ಯಾರೂ ಇರಲಿಲ್ಲ. ಅಂಗೈಯ ಬಣ್ಣ ಬೇಗನೆ ಮಾಸಿತು. ಉಗುರು ಬೆಳೆದಂತೆಲ್ಲ ಕೆಂಪು ತುದಿಗೆ ಸರಿದು ಒಂದು ಎಳೆಯಷ್ಟಾಯಿತು. ಉಗುರು ಕತ್ತರಿಸಿಕೋ ಎಂದು ಅಮ್ಮ ಹೇಳಿದಾಗಲೆಲ್ಲ ಅಕ್ಕ ಮುಷ್ಟಿ ಮುಚ್ಚಿಕೊಂಡು, "ನಾಳೆ ಕತ್ತರಿಸ್ಕೋತೀನಮ್ಮ" ಎನ್ನುತ್ತಿದ್ದಳು.